ಉಪಮೆಯೋ ರೂಪಕವೋ: ಅಲಂಕಾರವನ್ನು ಗುರುತಿಸುವ ಬಗೆ

ಪದ್ಯದಲ್ಲಿ ಅಲಂಕಾರವನ್ನು ಗುರುತಿಸಲು ಹೊರಟವರು ಸಾಮಾನ್ಯವಾಗಿ ಮೊದಲು ‘ಅಂತೆ’, ‘ಹಾಗೆ’ ಎಂಬ ಪದಗಳನ್ನು ಹುಡುಕುತ್ತಾರೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕವಿ ನಿಜವಾಗಿ ಯಾವುದರ ಬಗ್ಗೆ ಮಾತನಾಡುತ್ತಿದ್ದಾನೆ, ಅದಕ್ಕಾಗಿ ಯಾವುದನ್ನು ತಂದಿದ್ದಾನೆ ಎಂಬುದು ಮೊದಲನೆಯದು: ವರ್ಣಿಸಲಾಗುತ್ತಿರುವುದು ಉಪಮೇಯ, ಹೋಲಿಕೆಗೆಂದು ಬಂದದ್ದು ಉಪಮಾನ. ಆ ಎರಡರ ನಡುವೆ ಅವನು ಹೇಳುತ್ತಿರುವ ಸಂಬಂಧ ಸಾದೃಶ್ಯವೋ (ಹೋಲಿಕೆ), ಅಭೇದವೋ (ಎರಡೂ ಒಂದೇ ಎನ್ನುವುದು), ಸಂಭಾವನೆಯೋ (ಒಂದನ್ನು ಇನ್ನೊಂದೆಂದು ಕಲ್ಪಿಸಿಕೊಳ್ಳುವುದು) ಎಂಬುದು ಎರಡನೆಯದು.

ಬಸವಣ್ಣನವರ ಎರಡು ಪ್ರಸಿದ್ಧ ವಚನಗಳನ್ನು ಜೊತೆಯಲ್ಲಿಟ್ಟು ಓದಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬಲ್ಲಿ ನುಡಿ ಉಪಮೇಯ, ಮುತ್ತಿನ ಹಾರ ಉಪಮಾನ, ‘ಅಂತೆ’ ಎಂಬುದು ಉಪಮಾವಾಚಕ, ಅಂದರೆ ಹೋಲಿಕೆಯನ್ನು ಸೂಚಿಸುವ ಪದ. ನಾಲ್ಕನೆಯ ಅಂಗವಾದ ಸಮಾನಧರ್ಮವನ್ನು, ಅಂದರೆ ಎರಡಕ್ಕೂ ಸಮಾನವಾದ ಗುಣವನ್ನು, ಇಲ್ಲಿ ಹೇಳಿಲ್ಲವಾದ್ದರಿಂದ ಇದು ಲುಪ್ತೋಪಮೆ (ಅಂಗವೊಂದು ಬಿಟ್ಟುಹೋದ ಉಪಮೆ). ಕಾಂತಿಯೋ, ಜೋಡಣೆಯೋ, ಬೆಲೆಯೋ ಎಂಬುದನ್ನು ಓದುಗನೇ ತುಂಬಿಕೊಳ್ಳಬೇಕು. ನುಡಿ ಹೀಗಿರಬೇಕು ಎಂಬ ಆದರ್ಶವನ್ನು ಮುಂದಿಡುವ ಮಾತಿಗೆ, ಎರಡನ್ನೂ ಬೇರೆಬೇರೆಯಾಗಿಯೇ ಉಳಿಸುವ ಉಪಮೆ ಸಹಜವಾಗಿ ಒಪ್ಪುತ್ತದೆ.

‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಎಂಬಲ್ಲಿ ಉಪಮಾವಾಚಕವಿಲ್ಲ. ದೇಹ ಮತ್ತು ದೇಗುಲ ಒಂದೇ ಎಂದು ಅಭೇದವನ್ನು ಹೇಳಿರುವುದರಿಂದ ಇದು ರೂಪಕ. ಇದನ್ನು ‘ದೇಹವು ದೇಗುಲದಂತೆ’ ಎಂದು ಬದಲಿಸಿ ನೋಡಿ. ಆಗ ಉಳ್ಳವರು ಕಟ್ಟಿಸಿದ ಶಿವಾಲಯವೇ ಮೂಲವಾಗಿ, ಬಡವನ ದೇಹ ಅದನ್ನು ಹೋಲುವ ವಸ್ತು ಮಾತ್ರವಾಗುತ್ತದೆ, ವಚನದ ವಾದವೇ ಕುಸಿಯುತ್ತದೆ. ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ (ನಿಂತದ್ದಕ್ಕೆ ಅಳಿವುಂಟು, ಚಲಿಸುವುದಕ್ಕೆ ಅಳಿವಿಲ್ಲ) ಎಂದು ಕೊನೆಯಲ್ಲಿ ಹೇಳುವ ಧೈರ್ಯ ಬರುವುದು ಈ ರೂಪಕದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ರೂಪಕ ಎದುರಾದರೂ ಅದನ್ನು ಹೀಗೆ ಉಪಮೆಯಾಗಿಸಿ, ಏನು ಕಳೆದುಹೋಯಿತೆಂದು ನೋಡುವುದು ಒಳ್ಳೆಯ ಅಭ್ಯಾಸ.

ಹೆಚ್ಚು ಗೊಂದಲವಾಗುವುದು ಸಂಭಾವನೆಯನ್ನು ಹೇಳುವ ಉತ್ಪ್ರೇಕ್ಷೆ ಎಂಬ ಅಲಂಕಾರದಲ್ಲಿ. ‘ಬಾಯಾರಿದ ನೆಲ ನೆಮ್ಮದಿಯ ಉಸಿರು ಬಿಟ್ಟಿತೋ ಎಂಬಂತೆ ಮೊದಲ ಮಳೆಗೆ ಮಣ್ಣಿನ ಕಂಪು ಎದ್ದಿತು’ ಎಂಬ ವಾಕ್ಯದಲ್ಲಿ ‘ಅಂತೆ’ ಇದೆಯೆಂದು ಉಪಮೆ ಎನ್ನಬಾರದು. ಇಲ್ಲಿ ಕಂಪನ್ನು ನೆಲದ ಉಸಿರೆಂದು ಕಲ್ಪಿಸಿ, ಸಂಭಾವಿಸಿ ಹೇಳಲಾಗಿದೆ. ‘ಓ ಎಂಬಂತೆ’ ಎಂಬ ರೂಪವೇ ಅದರ ಗುರುತು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ವಾಚಕಪದವಿಲ್ಲದೆ ಎರಡು ಪೂರ್ಣ ವಾಕ್ಯಗಳು ಬಿಂಬ ಪ್ರತಿಬಿಂಬಗಳಂತೆ ನಿಂತಿರುವುದರಿಂದ ಅದು ದೃಷ್ಟಾಂತ.

ಇವೆಲ್ಲ ಅರ್ಥದಿಂದ ಚೆಲುವು ಬರುವ ಅರ್ಥಾಲಂಕಾರಗಳು. ಪ್ರಾಸ, ಯಮಕ (ಅದೇ ಅಕ್ಷರಗುಂಪು ಬೇರೆ ಅರ್ಥದಲ್ಲಿ ಮರಳಿ ಬರುವುದು) ಮೊದಲಾದ, ಶಬ್ದದಿಂದ ಚೆಲುವು ಬರುವ ಶಬ್ದಾಲಂಕಾರಗಳನ್ನು ಪದ್ಯವನ್ನು ಗಟ್ಟಿಯಾಗಿ ಓದಿಯೇ ಗುರುತಿಸಬೇಕು. ಹಳಗನ್ನಡ ಪದ್ಯಗಳಲ್ಲಿ ಪ್ರಾಸವನ್ನು ಸಾಲಿನ ಕೊನೆಯಲ್ಲಿ ಹುಡುಕದೆ, ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನವನ್ನು ನೋಡಬೇಕು.

ಅಲಂಕಾರದ ಪ್ರಶ್ನೆಗೆ ಉತ್ತರ ಬರೆಯುವಾಗ ಲಕ್ಷಣವನ್ನು (ಅಲಂಕಾರದ ವ್ಯಾಖ್ಯೆಯನ್ನು) ಒಂದು ವಾಕ್ಯದಲ್ಲಿ ಮುಗಿಸಿ, ಸಮನ್ವಯಕ್ಕೆ, ಅಂದರೆ ಆ ಲಕ್ಷಣ ಪದ್ಯಕ್ಕೆ ಹೇಗೆ ಹೊಂದುತ್ತದೆ ಎಂಬ ವಿವರಣೆಗೆ, ಹೆಚ್ಚು ಜಾಗ ಕೊಡಿ. ಉಪಮೇಯ, ಉಪಮಾನಗಳನ್ನು ಹೆಸರಿಸಿದ ಮೇಲೆ, ಆ ಸಂದರ್ಭಕ್ಕೆ ಕವಿ ಆ ಉಪಮಾನವನ್ನೇ ಏಕೆ ಆರಿಸಿಕೊಂಡಿರಬಹುದು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ.