ಗಿಡದಿಂದ ಮಾಡಿದ ಮಾಂಸ ಕೊಳ್ಳುವ ಮೊದಲು ಪ್ಯಾಕೆಟ್ ತಿರುಗಿಸಿ

ಸೋಯಾ, ಗೋಧಿಯಂಥವುಗಳಿಂದ ಮಾಂಸದ ಹಾಗೆ ಮಾಡಿದ ಈ ಗಿಡದ ಮಾಂಸ ನಿಜವಾದ ಮಾಂಸಕ್ಕಿಂತ ಒಳ್ಳೆಯದಾ? ಯಾರಾದರೂ ಹೀಗೆ ಕೇಳಿದರೆ ನಾನು ಮೊದಲು ಕೇಳೋದು, ಏನನ್ನು ಬಿಟ್ಟು ಇದನ್ನು ತಿನ್ನುತ್ತೀರಿ ಅಂತ. ಸಾಸೇಜ್, ಬೇಕನ್ ಬಿಡುವುದಾದರೆ ಖಂಡಿತ ತಿನ್ನಿ. ಅಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ. ಮೀನು ಬಿಟ್ಟು ಬರುವುದಾದರೆ ನಾನು ಅಷ್ಟು ಸುಲಭವಾಗಿ ಹೂಂ ಅನ್ನಲ್ಲ. ಬೇಳೆಕಾಳು ಬಿಟ್ಟು ಬರುವುದಾದರೆ ದಯವಿಟ್ಟು ಬೇಡ.

2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರಿಗೆ 8 ವಾರ ಮಾಂಸ, 8 ವಾರ ಈ ಬದಲಿ ಮಾಂಸ ತಿನ್ನಿಸಿ ನೋಡಿದರು. ಬದಲಿ ತಿಂದಾಗ ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು. ಆದರೆ ಹಣ ಕೊಟ್ಟದ್ದು ಇಂಥ ಬದಲಿ ಮಾಂಸವನ್ನೇ ಮಾರುವ ಬಿಯಾಂಡ್ ಮೀಟ್ ಕಂಪನಿ, ಅದೂ ನೆನಪಿರಲಿ.

ಈಗ ಪ್ಯಾಕೆಟ್ ಹಿಂದೆ ನೋಡಿ. ಮೊದಲು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ: ಒಂದು ತುಂಡಿಗೆ 400 ಮಿಲಿಗ್ರಾಂ ಅಂತ ಇದ್ದರೆ 1 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು, ಅದರಲ್ಲಿ ಐದನೇ ಒಂದು ಭಾಗ ಒಂದೇ ತುಂಡಿಗೆ ಹೋಯ್ತು, ಅದೂ ನೀವು ಸಾಸ್ ಹಾಕುವ ಮೊದಲೇ! ಹಸಿ ಮಾಂಸದಲ್ಲಿ ಇಷ್ಟು ಉಪ್ಪು ಇರುವುದಿಲ್ಲ. ಅಂಕಿ 100 ಗ್ರಾಂಗೋ ಒಂದು ಸರ್ವಿಂಗ್‌ಗೋ ಅನ್ನೋದನ್ನೂ ಗಮನಿಸಿ. ಅರ್ಧ ತುಂಡನ್ನೇ ಒಂದು ಸರ್ವಿಂಗ್ ಅಂತ ಬರೆದಿದ್ದರೆ ಲೆಕ್ಕವೆಲ್ಲ ಡಬಲ್.

ಆಮೇಲೆ ಜಿಡ್ಡು. ಬಾಣಲೆ ತಣ್ಣಗಾದ ಮೇಲೆ ಅಂಚಿನಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದೆಯಾ? ಹೆಚ್ಚಾಗಿ ಅದು ತೆಂಗಿನೆಣ್ಣೆ, ರಸಭರಿತ ಅನಿಸಲಿ ಅಂತ ಹಾಕಿರುತ್ತಾರೆ. ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ. ಸೂರ್ಯಕಾಂತಿ ಎಣ್ಣೆ ಹಾಕಿದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ಪ್ರೋಟೀನ್ ಎಲ್ಲದರಲ್ಲೂ ಒಂದೇ ಅಲ್ಲ. ಸೋಯಾದ್ದು ಗುಣದಲ್ಲಿ ಮಾಂಸದ ಹತ್ತಿರ ಬರುತ್ತದೆ. ಬರೀ ಗೋಧಿ ಗ್ಲುಟೆನ್ (ಗೋಧಿಯ ಪ್ರೋಟೀನ್) ಇದ್ದರೆ ದೇಹಕ್ಕೆ ಬೇಕಾದ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಆ ದಿನ ಕಾಳು ಜೊತೆಗಿರಲಿ. ಎಳೆ ಹಲಸಿನಕಾಯಿ ಬಾಯಿಗೆ ಮಾಂಸದಂತೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ.

ಮಾಂಸ ಪೂರ್ತಿ ಬಿಡುವವರು ವಿಟಮಿನ್ ಬಿ12 ಬಗ್ಗೆ ಸುಮ್ನೆ ಇರಬೇಡಿ. ಗಿಡದಲ್ಲಿ ಅದು ಸಿಗುವುದಿಲ್ಲ, ಕಂಪನಿಯವರು ಸೇರಿಸಿದ್ದರೆ ಮಾತ್ರ ಉಂಟು. ಹಾಲು, ಮೊಟ್ಟೆಯನ್ನೂ ಬಿಟ್ಟಿದ್ದರೆ ಮಾತ್ರೆ ಬೇಕೇ ಬೇಕು, ಎಷ್ಟು ಅಂತ ಡಾಕ್ಟರನ್ನು ಕೇಳಿ.