ಸಿಂಪಿಯ ಬಾಯಿ ಬಿಡಿಸುವ ಬಗೆ: ಹಸಿಯಾಗಿ ತಿನ್ನುವ ಮುನ್ನ

ಗೋವಾದಲ್ಲೋ ದುಬೈಯಲ್ಲೋ ಮಂಜುಗಡ್ಡೆಯ ಮೇಲೆ ಜೋಡಿಸಿಟ್ಟ ಹಸಿ ಸಿಂಪಿಯನ್ನು (ಆಯ್ಸ್ಟರ್) ಒಮ್ಮೆ ಸವಿದು ಬಂದವರು, ಮಂಗಳೂರಿನ ತಮ್ಮ ಅಡುಗೆಮನೆಯಲ್ಲೂ ಅದನ್ನೇ ಮಾಡಲು ಹೊರಟು ಅಂಗೈಗೆ ಚೂರಿ ಚುಚ್ಚಿಕೊಂಡದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಮರುವಾಯಿ, ಪಚ್ಚಿಲೆಯಂಥ ಕರಾವಳಿಯ ಚಿಪ್ಪುಜೀವಿಗಳನ್ನು ಬಾಲ್ಯದಿಂದಲೂ ಬಿಡಿಸಿ ರೂಢಿಯಿರುವ ಮನೆಗಳಲ್ಲೂ ಹೀಗಾಗುತ್ತದೆ. ಮರುವಾಯಿಯ ನುಣುಪಾದ ಚಿಪ್ಪು ಮೆಟ್ಟುಕತ್ತಿಗೆ ಒಗ್ಗುತ್ತದೆ. ಬಂಡೆಗೆ ಕಚ್ಚಿಕೊಂಡು ಬೆಳೆಯುವ ಸಿಂಪಿಯ, ಅಂದರೆ ಕೊಂಕಣಿಗರು ಕಲ್ವಾಂ ಎನ್ನುವುದರ, ಒರಟು ಚಿಪ್ಪು ಒಗ್ಗುವುದಿಲ್ಲ.

ಮೊದಲು ಖರೀದಿಯ ಮಾತು. ನೇತ್ರಾವತಿಯ ಅಳಿವೆಯಲ್ಲಾಗಲಿ, ಮೂಲ್ಕಿಯ ಶಾಂಭವಿಯಲ್ಲಾಗಲಿ, ಉದ್ಯಾವರದ ಹೊಳೆಯಲ್ಲಾಗಲಿ ಆಯ್ದ ಸಿಂಪಿಯನ್ನು ಹಸಿಯಾಗಿ ತಿನ್ನಬೇಡಿ. ಸಿಂಪಿಯು ದಿನವಿಡೀ ನೀರನ್ನು ಸೋಸಿ ಆಹಾರ ಹುಡುಕುವ ಜೀವಿಯಾದ್ದರಿಂದ, ಮೇಲಿನ ಊರುಗಳ ಚರಂಡಿ ನೀರಿನೊಂದಿಗೆ ಬಂದ ರೋಗಾಣುಗಳೂ ಅದರ ಮೈಯಲ್ಲಿ ಶೇಖರವಾಗುತ್ತವೆ. ಯುರೋಪಿನಲ್ಲಿ ಸಿಂಪಿ ಬೆಳೆಯುವ ನೀರನ್ನೇ ದರ್ಜೆಗಳಾಗಿ ವಿಂಗಡಿಸಿದ್ದಾರೆ. ನೂರು ಗ್ರಾಂ ಮಾಂಸದಲ್ಲಿ ಇ-ಕೋಲಿ ಎಂಬ, ಮಲದಿಂದ ಬರುವ ಬ್ಯಾಕ್ಟೀರಿಯಾದ ಸಂಖ್ಯೆ 230ನ್ನು ಮೀರದ ಮೊದಲ ದರ್ಜೆಯ ನೀರಿನದಕ್ಕೆ ಮಾತ್ರ ನೇರವಾಗಿ ಊಟದ ಮೇಜಿಗೆ ಹೋಗುವ ಅರ್ಹತೆ. ಯಾವ ನೀರಿನಲ್ಲಿ ಬೆಳೆಯಿತು, ಎಂದು ತೆಗೆದರು ಎಂಬ ಚೀಟಿಯೊಂದಿಗೆ ತಂಪಿನಲ್ಲೇ ಬಂದ ಸಾಕಣೆಯ ಸಿಂಪಿ ಸಿಕ್ಕಿದರಷ್ಟೇ ಹಸಿಯಾಗಿ ತಿನ್ನುವ ಯೋಚನೆ ಮಾಡಿ. ಹೊಳೆಯ ಸಿಂಪಿಯನ್ನಾದರೆ ಬಿಡಿಸಿ ರವೆಯಲ್ಲಿ ಹುರಿಯಿರಿ.

ಜೀವಂತ ಸಿಂಪಿ ಬಿಗಿಯಾಗಿ ಮುಚ್ಚಿರುತ್ತದೆ, ಅಥವಾ ತಟ್ಟಿದೊಡನೆ ಮುಚ್ಚಿಕೊಳ್ಳುತ್ತದೆ. ಬಾಯಿ ಬಿಟ್ಟೇ ಇರುವುದನ್ನು ಎಸೆಯಿರಿ. ಮನೆಗೆ ತಂದ ಮೇಲೆ ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಬಕೆಟ್ಟಿನ ಸಿಹಿನೀರಿನಲ್ಲಿ ಮುಳುಗಿಸಿದರೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೂ ಅದು ಸಾಯುತ್ತದೆ. ಬಿಡಿಸುವ ಮೊದಲು ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ಕೆಸರು ಉಜ್ಜಿ ತೆಗೆಯಿರಿ.

ಇನ್ನು ಬಿಡಿಸುವುದು. ಇದಕ್ಕೆ ಬೇಕಾದದ್ದು ಗಿಡ್ಡ, ದಪ್ಪ, ಅಂಚು ಮೊಂಡಾದ ಚೂರಿ. ತರಕಾರಿ ಚೂರಿಯ ತೆಳ್ಳನೆಯ ಅಲಗು ಮುರಿಯುತ್ತದೆ ಇಲ್ಲವೇ ಜಾರುತ್ತದೆ, ಸ್ಕ್ರೂಡ್ರೈವರ್ ಚಿಪ್ಪನ್ನು ಪುಡಿ ಮಾಡಿ ಮಾಂಸದೊಳಗೆ ತುಂಬುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಕೈಗವಸಿನಿಂದ ಧೈರ್ಯವೊಂದೇ ಲಾಭ. ಅದಕ್ಕಿಂತ ನಾಲ್ಕು ಮಡಿಕೆ ಮಾಡಿದ ದಪ್ಪ ಟವೆಲು ಮೇಲು. ಸಿಂಪಿಯ ಎರಡು ಚಿಪ್ಪುಗಳಲ್ಲಿ ಒಂದು ಬಟ್ಟಲಿನಂತೆ ತಗ್ಗು, ಇನ್ನೊಂದು ಚಪ್ಪಟೆ. ತಗ್ಗಿನ ಚಿಪ್ಪು ಕೆಳಗೆ ಬರುವಂತೆ ಅದನ್ನು ಟವೆಲಿನ ಮಡಿಕೆಯೊಳಗಿಟ್ಟು, ಎರಡು ಚಿಪ್ಪುಗಳು ಸೇರುವ ಕೀಲಿನ ಕಿರಿದಾದ ತುದಿ ಮಾತ್ರ ಹೊರಗೆ ಕಾಣುವಂತೆ ಮೇಜಿನ ಮೇಲೆ ಅದುಮಿ ಹಿಡಿಯಿರಿ. ಅಂಗೈಯಲ್ಲಿ ಹಿಡಿದು ಬಿಡಿಸುವ ಚಾಕಚಕ್ಯತೆ ವೃತ್ತಿಯವರಿಗೆ ಇರಲಿ.

ಚೂರಿಯ ಮೊನೆಯನ್ನು ಕೀಲಿನ ಸಂದಿಗೆ ತುಸು ಕೆಳಮುಖವಾಗಿ ಇಟ್ಟು, ಅತ್ತಿತ್ತ ಮೆಲ್ಲಗೆ ಅಲುಗಿಸುತ್ತಾ ಅದು ಕಚ್ಚಿಕೊಳ್ಳುವವರೆಗೆ ಕಾಯಿರಿ. ಎಲ್ಲರೂ ಎಡವುವುದು ಇಲ್ಲಿಯೇ: ಸಂದಿ ಸಿಗುವ ಮೊದಲೇ ಭುಜದ ಬಲವನ್ನೆಲ್ಲ ಹಾಕಿ ತಳ್ಳುತ್ತಾರೆ, ಚಿಪ್ಪಿನ ಮೇಲೆ ಚೂರಿ ಜಾರುತ್ತದೆ, ಅದರ ದಾರಿಯಲ್ಲಿ ಎಡಗೈ ಇರುತ್ತದೆ. ಮೊನೆ ಕಚ್ಚಿದ ಮೇಲೆ ತಳ್ಳುವುದನ್ನು ನಿಲ್ಲಿಸಿ, ಬೀಗದಲ್ಲಿ ಕೀಲಿಕೈ ತಿರುಗಿಸುವಂತೆ ಹಿಡಿಯನ್ನು ತಿರುಗಿಸಿ. ಟಕ್ಕೆಂದು ಕೀಲು ಬಿಡುತ್ತದೆ. ಬಿಡದಿದ್ದರೆ ಮೊನೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಮತ್ತೆ ತಿರುಗಿಸಿ. ಮೂರು ಪ್ರಯತ್ನಕ್ಕೂ ಬಗ್ಗದ್ದನ್ನು ಬದಿಗಿಟ್ಟು ಮುಂದಿನದನ್ನು ಎತ್ತಿಕೊಳ್ಳಿ. ಕೀಲು ಬಿಟ್ಟೊಡನೆ ಚೂರಿಯ ಕೆಸರು ಒರೆಸಿ, ಅಲಗನ್ನು ಮೇಲಿನ ಚಪ್ಪಟೆ ಚಿಪ್ಪಿನ ಒಳಮೈಗೆ ತಾಗಿಸಿಕೊಂಡೇ ಸರಿಸಿ, ಎರಡು ಚಿಪ್ಪುಗಳನ್ನು ಬಿಗಿದಿಟ್ಟ ಸ್ನಾಯುವನ್ನು ಕತ್ತರಿಸಿ. ಅಲಗು ಕೆಳಗಿಳಿದರೆ ಮಾಂಸ ಹರಿಯುತ್ತದೆ. ಮೇಲ್ಚಿಪ್ಪು ತೆಗೆದು, ಒಳಗಿನ ಉಪ್ಪುನೀರು ಚೆಲ್ಲದಂತೆ ಮಾಂಸದ ಅಡಿಯಲ್ಲೂ ಅಲಗು ಆಡಿಸಿ ಬಿಡಿಸಿಕೊಳ್ಳಿ. ನೀರು ಬತ್ತಿದ್ದರೆ ಅಥವಾ ಕೆಟ್ಟ ವಾಸನೆಯಿದ್ದರೆ ಮರುಮಾತಿಲ್ಲದೆ ಎಸೆಯಿರಿ. ಮಾಂಸವನ್ನು ನಲ್ಲಿಯ ಕೆಳಗೆ ಹಿಡಿಯುವವರಿದ್ದಾರೆ. ರುಚಿಯೆಲ್ಲ ಮೋರಿಗೆ ಹೋಗುತ್ತದೆ. ನಡುವೆ ಕೈಗೆ ಗಾಯವಾದರೆ ಕೆಲಸ ನಿಲ್ಲಿಸಿ ಸೋಪು ಹಾಕಿ ತೊಳೆಯಿರಿ, ಏಕೆಂದರೆ ಸಿಂಪಿಯಲ್ಲಿರುವ ವಿಬ್ರಿಯೊ ಬ್ಯಾಕ್ಟೀರಿಯಾ ಗಾಯದ ಮೂಲಕವೂ ದೇಹವನ್ನು ಸೇರುತ್ತದೆ.

ಹಸಿಯಾಗಿ ತಿನ್ನುವಾಗ ನಿಂಬೆಯ ಎರಡು ಹನಿ ಸಾಕು. ನುಂಗಿಬಿಡುವವರಿಗೆ ಸಿಗುವುದು ಉಪ್ಪು ಮಾತ್ರ. ಮೂರು ನಾಲ್ಕು ಸಲ ಅಗಿದರೆ ಮೊದಲು ಕಡಲಿನ ಉಪ್ಪು, ಅದರ ಹಿಂದೆ ಮಾಂಸದಲ್ಲಿ ಶೇಖರವಾದ ಗ್ಲೈಕೋಜನ್ ಎಂಬ ಪಿಷ್ಟದಿಂದ ಬರುವ ಎಳನೀರಿನಂಥ ತೆಳುವಾದ ಸಿಹಿ ನಾಲಗೆಗೆ ಹತ್ತುತ್ತದೆ. ಬಾಟಲಿಯ ಕೆಂಪು ಮೆಣಸಿನ ಸಾಸು ಇವೆರಡನ್ನೂ ಮುಚ್ಚಿಹಾಕುತ್ತದೆ, ಆದ್ದರಿಂದ ಅದನ್ನು ಮೇಜಿಗೆ ತರಲೇಬೇಡಿ. ನಿಂಬೆ, ಸಾಸು, ಮದ್ಯ ಇವು ರೋಗಾಣುವನ್ನು ಕೊಲ್ಲುತ್ತವೆ ಎಂಬುದು ಸುಳ್ಳು. ತಾಜಾ ಇದ್ದರೆ ಭಯವಿಲ್ಲ ಎಂಬುದೂ ಅಷ್ಟೇ ಸುಳ್ಳು. ವಿಬ್ರಿಯೊ ಇರುವ ಸಿಂಪಿಗೆ ಬೇರೆ ಬಣ್ಣವಿಲ್ಲ, ಬೇರೆ ವಾಸನೆಯಿಲ್ಲ. ಇಂಗ್ಲಿಷ್ ಹೆಸರಿನಲ್ಲಿ ‘ಆರ್’ ಅಕ್ಷರವಿರುವ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಧೈರ್ಯವಾಗಿ ತಿನ್ನಬಹುದೆಂಬ ಮಾತು ಚಳಿಗಾಲದಲ್ಲಿ ಸಮುದ್ರದ ನೀರು ತಣ್ಣಗೆ ಕೊರೆಯುವ ದೇಶಗಳದ್ದು. ವಿಬ್ರಿಯೊ ಬೆಚ್ಚನೆಯ ನೀರಿನಲ್ಲಿ ಹೆಚ್ಚುವಂಥದ್ದು, ಪಣಂಬೂರಿನ ಕಡಲು ಡಿಸೆಂಬರಿನಲ್ಲೂ ಬೆಚ್ಚಗೇ ಇರುತ್ತದೆ.

ಯಕೃತ್ತಿನ ಕಾಯಿಲೆ ಅಥವಾ ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಮಕ್ಕಳು ಹಸಿ ಸಿಂಪಿಯನ್ನು ಮುಟ್ಟಲೇಬಾರದು. ವಿಬ್ರಿಯೊ ವಲ್ನಿಫಿಕಸ್ ಎಂಬ ಪ್ರಭೇದ ತಗಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು, ಕೆಲವೊಮ್ಮೆ ಒಂದೆರಡು ದಿನಗಳಲ್ಲೇ, ಸಾಯುತ್ತಾರೆ. ತಿಂದ ಬಳಿಕ ಚಳಿಜ್ವರ ಬಂದರೆ, ಚರ್ಮದ ಮೇಲೆ ಗುಳ್ಳೆಗಳೆದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಸಿಂಪಿ ತಿಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಹೊಳೆಯ ಸಿಂಪಿಯನ್ನು ಬಿಡಿಸಿ ರವೆ ಹಚ್ಚಿ ಹುರಿಯುವುದಾದರೆ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಕನಿಷ್ಠ 3 ನಿಮಿಷ ಇರಲಿ. ಚೂರಿಯ ಗೊಡವೆಯೇ ಬೇಡವೆನ್ನುವವರು ಇಡ್ಲಿ ಬೇಯಿಸುವ ತೊಂದುರಿನಲ್ಲಿ ನೀರು ಕುದಿಬಂದ ಮೇಲೆ ಚಿಪ್ಪುಸಮೇತ ಇಟ್ಟು 4ರಿಂದ 9 ನಿಮಿಷ ಹಬೆಯಲ್ಲಿ ಬೇಯಿಸಿ, ಬಾಯಿ ಬಿಡದಿದ್ದವನ್ನು ಎಸೆಯಲಿ. ಬೇಯಿಸಿದರೂ ಹೋಗದ ಅಪಾಯವೊಂದಿದೆ: ಕೆಲವು ಸೂಕ್ಷ್ಮ ಪಾಚಿಗಳು ಉಕ್ಕಿ ಬೆಳೆದಾಗ ಚಿಪ್ಪುಜೀವಿಗಳಲ್ಲಿ ಸೇರುವ ವಿಷವು ಬೆಂಕಿಗೆ ಕರಗುವುದಿಲ್ಲ. 1983ರಲ್ಲಿ ಮಂಗಳೂರಿನ ಸಮೀಪ ಚಿಪ್ಪುಮಾಂಸ ತಿಂದವರು ಪಾರ್ಶ್ವವಾಯು ತರುವ ಇಂಥ ವಿಷಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ್ದರು. ಅಳಿವೆಯ ನೀರು ಕೆಂಪಗೋ ಕಂದಾಗಿಯೋ ತಿರುಗಿದೆ ಎಂದು ಮೀನುಗಾರರು ಹೇಳಿದರೆ ಆ ದಿನಗಳಲ್ಲಿ ಸಿಂಪಿಯನ್ನೂ ಮರುವಾಯಿಯನ್ನೂ ಬಿಟ್ಟು ಬಂಗುಡೆ ತನ್ನಿ.