ಬಂಕ್ ನಡೆಸುವ ಹವಾಲ್ದಾರ

1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ನಾನು ಬೊಫೋರ್ಸ್ ತೋಪಿನ ತಂಡದಲ್ಲಿದ್ದೆ. ಷೆಲ್ ಚೂರೊಂದು ಎಡಗಾಲಿಗೆ ಹೊಕ್ಕಿತು. ಸೇನೆಯ ಋಣ ಅಲ್ಲಿಗೆ ತೀರಿತು. ಸೇವೆಯಲ್ಲಿ ಅಂಗವಿಕಲರಾದವರಿಗೆ ತೈಲ ಕಂಪನಿಗಳ ಡೀಲರ್‌ಶಿಪ್‌ನಲ್ಲಿ ಮೀಸಲಾತಿ ಇದೆ. ಪುನರ್ವಸತಿ ಮಹಾನಿರ್ದೇಶನಾಲಯದ ಅರ್ಹತಾ ಪತ್ರ ಹಿಡಿದು ಅರ್ಜಿ ಹಾಕಿದೆ, ಬಂಕ್ ಸಿಕ್ಕಿತು.

ಸೈನಿಕನ ಬಂಕ್ ಎಂದರೆ ಮೋಸವಿಲ್ಲ ಎಂದು ಜನ ನಂಬುತ್ತಾರೆ. ನನಗೆ ಆ ನಂಬಿಕೆಗಿಂತ ಐದು ಲೀಟರ್ ಅಳತೆ ಪಾತ್ರೆಯ ಮೇಲೆ ಹೆಚ್ಚು ಭರವಸೆ. 25 ಮಿ.ಲೀ. ಹೆಚ್ಚುಕಡಿಮೆಗೆ ನಿಯಮದಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚು ಕೊರತೆ ಬಿದ್ದರೆ ಆ ನಾಜಲ್ ಬಂದ್. ಟ್ಯಾಂಕರ್ ಬಂದಾಗ ಸೀಲ್ ಸಂಖ್ಯೆ ನೋಡಿ, ಅರ್ಥಿಂಗ್ ತಂತಿ ಸಿಕ್ಕಿಸಿ, ಇಂಧನ ಅಲುಗಾಡದೆ ನಿಲ್ಲುವವರೆಗೆ ಕಾದು ಡಿಪ್ ತೆಗೆಯುತ್ತೇವೆ, ಅಂದರೆ ಕೋಲು ಇಳಿಸಿ ಮಟ್ಟ ಅಳೆಯುತ್ತೇವೆ. ಸಾಂದ್ರತೆಯನ್ನು 15 ಡಿಗ್ರಿಗೆ ಲೆಕ್ಕಹಾಕಿ ಟ್ಯಾಂಕರಿನೊಡನೆ ಬಂದ ಚಲನ್ ಜೊತೆ ತಾಳೆ ನೋಡದೆ ಒಂದು ಹನಿಯೂ ಇಳಿಯುವುದಿಲ್ಲ. ಬಿಸಿಲಲ್ಲಿ ಬಂದ 12,000 ಲೀಟರ್ ಪೆಟ್ರೋಲ್ ನೆಲದಡಿಯ ಟ್ಯಾಂಕಿನಲ್ಲಿ ಹತ್ತು ಡಿಗ್ರಿ ತಣಿದರೆ ನೂರು ಲೀಟರಿಗೂ ಹೆಚ್ಚು ಕುಗ್ಗುತ್ತದೆ. ಇದು ಗೊತ್ತಿಲ್ಲದ ಮಾಲೀಕ ಕೆಲಸದ ಹುಡುಗರನ್ನು ಕಳ್ಳರೆಂದು ಬೈಯುತ್ತಾನೆ. ಮಳೆಗಾಲದಲ್ಲಿ ಆ ಟ್ಯಾಂಕುಗಳ ಮ್ಯಾನ್‌ಹೋಲ್ ಮುಚ್ಚಳಗಳನ್ನು ನಾನೇ ನೋಡುತ್ತೇನೆ. ನೀರು ಒಳಸೇರಿದರೆ ಪೆಟ್ರೋಲಿನಲ್ಲಿರುವ ಎಥೆನಾಲ್ ಅದರೊಡನೆ ಕೂಡಿಕೊಂಡು ತಳಕ್ಕಿಳಿಯುತ್ತದೆ, ಆ ತಳದ ಸರಕೇ ಮೊದಲು ಯಾರದೋ ಬೈಕ್ ಸೇರುತ್ತದೆ.

ಬಂಕಿನ ಹಿಂದಿನ ಕೋಣೆ ಮಾಜಿ ಸೈನಿಕರದು. ನವೆಂಬರ್ ಬಂತೆಂದರೆ, ಪಿಂಚಣಿದಾರ ಬದುಕಿದ್ದಾನೆಂದು ತೋರಿಸುವ ಜೀವನ ಪ್ರಮಾಣಪತ್ರಕ್ಕಾಗಿ ಸಾಲು. ಬೆರಳಚ್ಚು ಯಂತ್ರ ಅಲ್ಲೇ ಇದೆ. ಹೊಲದಲ್ಲಿ ಸವೆದ ಬೆರಳುಗಳನ್ನು ಅದು ಸುಲಭಕ್ಕೆ ಗುರುತಿಸುವುದಿಲ್ಲ, ಆಗ ಮೊಬೈಲಿನಲ್ಲಿ ಮುಖ ತೋರಿಸುವುದೇ ದಾರಿ. ನಿಜವಾದ ಗೋಳು ವಿಧವೆಯರದು. ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ಅವರು ಬ್ಯಾಂಕಿಗೆ ಅಲೆಯುತ್ತಾರೆ. ಬ್ಯಾಂಕಿನವರು ಏನು ಮಾಡಿಯಾರು? ಪತ್ರ ಹೋಗಬೇಕಾದದ್ದು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಕಚೇರಿಗೆ: ತೋಪಖಾನೆಯವರದು ನಾಸಿಕ್ ರೋಡ್, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರು. ಜೊತೆಗೆ ಅಫಿಡವಿಟ್, ಡಿಸ್ಚಾರ್ಜ್ ಪುಸ್ತಕದ ನಕಲು. ನಾನು ಬರೆದುಕೊಡುತ್ತೇನೆ, ಉತ್ತರ ಬರುವವರೆಗೆ ನೆನಪೋಲೆ ಕಳಿಸುತ್ತಲೇ ಇರುತ್ತೇನೆ.

ಗಂಡ ಬದುಕಿರುವಾಗ ಇದೇ ತಿದ್ದುಪಡಿ ಅರ್ಧಕ್ಕರ್ಧ ಸುಲಭ. ಆದರೆ ಗುಂಡಿಗೆ ಎದೆಯೊಡ್ಡಿದವರೂ ಈ ಅರ್ಜಿಯನ್ನು ಮುಂದೂಡುತ್ತಾರೆ. ಹಾಗಾಗಿ ಹಳೆಯ ಸಿಪಾಯಿ ಯಾರಾದರೂ ಡೀಸೆಲ್ ಹಾಕಿಸಲು ಬಂದರೆ, ಎಷ್ಟು ಲೀಟರ್ ಎನ್ನುವ ಮೊದಲು ಹೆಂಡತಿಯ ಹೆಸರು ಪಿಂಚಣಿ ಆದೇಶದಲ್ಲಿ ಸರಿಯಿದೆಯೇ ಎಂದು ಕೇಳುತ್ತೇನೆ. ಕೆಲವರು ಈಗ ಪಕ್ಕದ ಬಂಕಿಗೆ ಹೋಗುತ್ತಿದ್ದಾರೆ.